ಗೋಬಿಯ ಮನೆಯಲ್ಲಿ ಯಾರೋ ಇದ್ದಾರೆ

9 ಜೂನ್

ಪ್ರೀತಿಯ ಮರಿಗೆ,

ನಿನ್ನ ಮೀನಿನ ಬಗ್ಗೆ ಹೇಳುವುದು ಬಹಳ ಇದೆ, ಒಳ್ಳೆಯದು ಒಂದೂ ಇಲ್ಲ.

ಹಡಗು ಹತ್ತುವ ದಿನ ನನ್ನ ಕೈಗೆ ನಿನ್ನ ಮನೆಯ ಬೀಗದ ಕೈ ತುರುಕಿ, "ಒಂದೇ ಒಂದು ಗೋಬಿ ಅಕ್ಕಾ, ದಿನಕ್ಕೊಂದ್ಸಲ ಹೋಗಿ ನೋಡ್ಕೊಂಡ್ ಬಂದ್ರೆ ಸಾಕು" ಅಂದೆ. ನಾನು ಹೂಕೋಸು ಅಂದುಕೊಂಡು ಮೊದಲ ದಿನ ಫ್ರಿಜ್ಜು ತೆಗೆದು ನೋಡಿದೆ. ಆಮೇಲೆ ನಡುಮನೆಗೆ ಬಂದರೆ ಸೋಫಾ ಇದ್ದ ಜಾಗದಲ್ಲಿ ಒಂದು ಸಮುದ್ರ! ಉಪ್ಪುನೀರು, ಮರಳು, ಕಲ್ಲುಗುಡ್ಡ, ಹವಳ, ಮೇಲೆ ನೀಲಿ ದೀಪ. ಮೀನೊಂದು ಮಾತ್ರ ಇಲ್ಲ.

ನೋಡಿಕೊಂಡು ಬಾ ಅಂದೆಯಲ್ಲ, ಏನನ್ನು ನೋಡಲಿ? ಕಲ್ಲಿನ ಕೆಳಗೊಂದು ಬಿಲ. ಆ ಬಿಲದೊಳಗಿಂದ ಯಾರೋ ಬಾಯಿ ತುಂಬ ಮರಳು ತಂದು ಹೊರಗೆ ಉಗುಳುತ್ತಾರೆ. ಅದೂ ಎಲ್ಲಿ? ನೀನು ಅಷ್ಟು ಮುದ್ದು ಮಾಡುವ ಹವಳಗಳ ತಲೆಯ ಮೇಲೆ. ನಾನು ಪಿಚಕಾರಿಯಿಂದ ಮರಳು ಊದಿ ತೆಗೆಯುವುದು, ಅದು ಮತ್ತೆ ಉಗುಳುವುದು. ನನ್ನ ವಯಸ್ಸಿಗೆ ಇದು ಬೇಕಿತ್ತೇ?

ಇನ್ನು ಆ ಸದ್ದು. ಮೊನ್ನೆ ಬಾಗಿಲು ಎಳೆದುಕೊಳ್ಳುವಾಗ "ಚಟ್" ಅಂತ ಗಾಜು ಬಿರಿದ ಹಾಗಾಯಿತು. ಒಳಗೆ ಓಡಿ, ಮೊಣಕಾಲೂರಿ ಗಾಜನ್ನೆಲ್ಲ ತಡವಿದೆ. ಬಿರುಕಿಲ್ಲ. ಮೀನಂಗಡಿಯವನನ್ನು ಕೇಳಿದರೆ ಹಲ್ಲು ಕಿರಿಯುತ್ತಾನೆ. "ಅದು ಸಿಗಡಿ ಅಮ್ಮಾ. ಗೋಬಿ ಜೊತೆ ಅದೇ ಬಿಲದಲ್ಲಿರತ್ತೆ. ಕೊಂಡಿಯಲ್ಲಿ ಚಿಟಿಕೆ ಹೊಡೆಯತ್ತೆ." ಒಂದೇ ಗೋಬಿ ಅಂದವಳು ಸಿಗಡಿಯ ಮಾತೇ ಎತ್ತಲಿಲ್ಲ. ನಿನ್ನದು ಯಾವತ್ತೂ ಹೀಗೇ. ಅರ್ಧ ಹೇಳುತ್ತೀಯ, ಉಳಿದರ್ಧವನ್ನು ನಾವು ಎಡವಿ ಬಿದ್ದು ತಿಳಿದುಕೊಳ್ಳಬೇಕು.

ನಿಮ್ಮ ಭಾವ ಬ್ಯಾಂಕಿನಿಂದ ನಿವೃತ್ತರಾದರು. ಈಗ ಇಡೀ ದಿನ ಮನೆಯಲ್ಲಿರುತ್ತಾರೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಉಪ್ಪಿನ ಡಬ್ಬಿಗೆ ಉಪ್ಪು ಅಂತ. ಕ್ಲಿನಿಕ್ಕಿನಲ್ಲಿ ಹಲ್ಲಿನ ಸೆಟ್ಟುಗಳ ಕೆಲಸ ನನಗೆ ಕೈತುಂಬ ಇದೆ, ಅಷ್ಟು ಪುಣ್ಯ. ಡಾಕ್ಟರಮ್ಮ ನಿನ್ನನ್ನು ಕೇಳಿದರು.

ನಿನ್ನ ಅಕ್ಕ

4 ಜುಲೈ

ಪ್ರೀತಿಯ ಅಕ್ಕಾ,

ದೋಣಿ ಕೊನೆಗೂ ಬಂತು. ಗಾಳಿ ಜೋರಿದ್ದರೆ ಅದು ದ್ವೀಪದ ಹತ್ತಿರ ಸುಳಿಯುವುದೇ ಇಲ್ಲ, ಇಲ್ಲಿಯ ಫೋನು ಹವಾಮಾನ ಕೇಂದ್ರದ ಕೆಲಸಕ್ಕೆ ಮಾತ್ರ. ಕಾಗದವೇ ಗತಿ. ನಾನು ದಿನವಿಡೀ ಕಂಬ ಹತ್ತಿ ಗಾಳಿ ಅಳೆಯುವ ಬಟ್ಟಲುಗಳ ತುಕ್ಕು ಕೆರೆಯುತ್ತೇನೆ.

ನಿನ್ನ ಬೈಗುಳ ಓದಿ ನಗು ಬಂತು. ಆದರೆ ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳು. ತೊಟ್ಟಿಯ ನೀರು ಇಳಿದರೆ ಮಾಮೂಲಿ ಶುದ್ಧ ನೀರು ಹಾಕು, ಉಪ್ಪುನೀರಲ್ಲ. ಆವಿಯಾಗಿ ಹೋಗುವುದು ನೀರು, ಉಪ್ಪು ಅಲ್ಲೇ ಉಳಿದಿರುತ್ತದೆ. ಬಲೆಯ ಮುಚ್ಚಳ ತೆಗೆದಿಡಬೇಡ, ಗೋಬಿ ಬೆದರಿದರೆ ಹಾರಿ ನೆಲಕ್ಕೆ ಬೀಳುತ್ತದೆ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಅದು ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಎರಡನ್ನೂ ಅವುಗಳ ಪಾಡಿಗೆ ಬಿಡು. ಮುಖ್ಯವಾಗಿ ಕಲ್ಲುಗಳನ್ನು ಮುಟ್ಟಬೇಡ. ತುಂಬ ಯೋಚಿಸಿ ಜೋಡಿಸಿದ್ದೇನೆ.

ನೀನು ಅಲ್ಲಿ ಕೂತು ಕೆದಕುವುದೇನೂ ಬೇಡ. ನೀರು ಹಾಕು, ಊಟ ಹಾಕು, ಬಾಗಿಲು ಹಾಕಿಕೊಂಡು ಮನೆಗೆ ಹೋಗು. ಭಾವ ಕಾಯುತ್ತಿರುತ್ತಾರೆ. ನಿವೃತ್ತರಾದ ಮೇಲಾದರೂ ನೀವಿಬ್ಬರೂ ಎಲ್ಲಿಗಾದರೂ ಹೋಗಿ ಬನ್ನಿ. ನಾನು ಬರುವುದು ಮುಂದಿನ ಬೇಸಿಗೆಗೆ.

ನಿನ್ನ ಮರಿ

26 ಜುಲೈ

ಮರಿಗೆ,

ತುಂಬ ಯೋಚಿಸಿ ಜೋಡಿಸಿದ್ದೇನೆ ಅಂತ ಬರೆದಿದ್ದೀಯಲ್ಲ, ಏನು ಯೋಚಿಸಿದ್ದೆ ಅಂತ ಸ್ವಲ್ಪ ಹೇಳುತ್ತೀಯಾ?

ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತ ತೊಟ್ಟಿಯ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಗೋಬಿಯನ್ನು ನಾನು ಚೆನ್ನಾಗಿ ನೋಡಿಯಾಗಿತ್ತು. ಮಾಸಲು ಹಳದಿ ಮೈ, ಕೆನ್ನೆಯ ಮೇಲೆ ನೀಲಿ ಚುಕ್ಕಿ, ತುಟಿ ಯಾವಾಗಲೂ ಕೆಳಕ್ಕೆ; ಜಗತ್ತಿನಲ್ಲಿ ಯಾವುದೂ ಅದಕ್ಕೆ ಸರಿಬಂದಿಲ್ಲ ಅನ್ನುವ ಮುಖ. ನನಗೆ ಅದು ಹಿಡಿಸಿತ್ತು. ದೀಪ ಹತ್ತಿಕೊಂಡ ತಕ್ಷಣ ಬಾಗಿಲಿಗೆ ಬರುತ್ತದೆ. ಹಿಂದೆ ಸಿಗಡಿ, ಬುಲ್ಡೋಜರಿನ ಹಾಗೆ ಮರಳು ನೂಕುತ್ತ, ಒಂದು ಮೀಸೆಯನ್ನು ಮೀನಿನ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದೆ.

ಅವತ್ತು ನನ್ನ ಕಣ್ಣೆದುರಿಗೇ ದೊಡ್ಡ ಕಲ್ಲು ಒಂದು ಸಲ ತೂಗಿತು. ಆಮೇಲೆ ಇಡೀ ಗುಡ್ಡ ಕುಸಿದು ಬಿತ್ತು. ನೀರೆಲ್ಲ ಹಾಲು ಹಾಲು. ಬಿಲ ಇದ್ದ ಜಾಗದಲ್ಲಿ ಬಿಲವೇ ಇಲ್ಲ. ಬಾಯಲ್ಲಿ ಬ್ರಷ್ಷು, ನೊರೆ, ಕೂಗಲೂ ಆಗದೆ ನಿಂತುಬಿಟ್ಟೆ.

ನೀನು ಕಲ್ಲುಗಳನ್ನು ಮರಳಿನ ಮೇಲೆ ಇಟ್ಟಿದ್ದೀಯ. ಮರಳಿನ ಮೇಲೆ! ಬುಡ ತೋಡುವ ಜೀವಗಳನ್ನೇ ಸಾಕಿಕೊಂಡು! ಕಲ್ಲು ತೊಟ್ಟಿಯ ತಳದ ಗಾಜಿನ ಮೇಲೆ ನಿಂತಿರಬೇಕು, ಮರಳನ್ನು ಆಮೇಲೆ ಸುತ್ತ ತುಂಬಬೇಕು ಅಂತ ಮೀನಂಗಡಿಯವನು ಹೇಳಿದ. ನಿನಗೂ ಹೇಳಿದ್ದನಂತೆ. "ಅವ್ರಿಗೆ ಅವಸರ ಇತ್ತು ಅಮ್ಮಾ" ಅಂದ.

ನಾನು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿನ ಉಪ್ಪುನೀರಲ್ಲಿಟ್ಟೆ. ಮುಟ್ಟಬೇಡ ಅಂದಿದ್ದೆ, ಮುಟ್ಟಿದೆ. ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ಕಿನಲ್ಲಿ ಗಿಡ್ಡ ಕಾಲುಗಳನ್ನು ಎರಕ ಹೊಯ್ದು, ಬಿಸಿನೀರಿನಲ್ಲಿ ನೆನೆಹಾಕಿ ವಾಸನೆ ಬಿಡಿಸಿ, ಅಂಚು ಉಜ್ಜಿ ನುಣುಪು ಮಾಡಿ, ಒಂದೊಂದು ಕಲ್ಲಿಗೂ ಕಾಲು ಕೂರಿಸಿದೆ. ಈಗ ಮೇಜಿನ ಹಾಗೆ ಗಾಜಿನ ಮೇಲೆ ನಿಂತಿವೆ. ಯಾರು ಎಷ್ಟು ತೋಡಿದರೂ ಅಲ್ಲಾಡವು.

ಆದರೆ ಗೋಬಿ ಇಲ್ಲ. ಸಿಗಡಿಯ ಚಿಟಿಕೆಯೂ ಇಲ್ಲ. ಹಾಕಿದ ಊಟ ಹಾಗೇ ತೇಲುತ್ತದೆ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ ಪೆನ್ನು ಕಾಗದ ಹರಿಯುತ್ತಿದೆ.

ಭಾವ ಚೆನ್ನಾಗಿಯೇ ಇರಬೇಕು.

ಅಕ್ಕ

21 ಆಗಸ್ಟ್

ಅಕ್ಕನಿಗೆ,

ನಿನ್ನ ಕಾಗದದ ಜೊತೆ ಇದೇ ದೋಣಿಯಲ್ಲಿ ಕೆಳಮನೆಯಾಕೆಯದೂ ಒಂದು ಬಂದಿದೆ. "ನಿಮ್ಮ ಬಾಡಿಗೆಯವರಿಗೆ ದಯವಿಟ್ಟು ಹೇಳಿ, ಮೇಲೆ ಏನನ್ನೋ ಉಜ್ಜುತ್ತಲೇ ಇರುತ್ತಾರೆ, ನನಗೆ ತಲೆ ಚಿಟ್ಟು ಹಿಡಿದಿದೆ" ಅಂತ.

ಬಾಡಿಗೆಯವರು! ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ಈಗ ನಿನ್ನ ಕಾಗದ ಮತ್ತೆ ಓದಿದರೆ ಎಲ್ಲ ಅರ್ಥವಾಗುತ್ತದೆ. ಬೆಳಿಗ್ಗೆ ದೀಪ ಹತ್ತುವ ಹೊತ್ತಿಗೆ ಗೋಬಿ ಹೊರಗೆ ಬರುವುದು ನಿನಗೆ ಹೇಗೆ ಗೊತ್ತು? ಊರಿನ ಆ ಕೊನೆಯಲ್ಲಿ ನಿನ್ನ ಮನೆ. ಹಲ್ಲುಜ್ಜುತ್ತ ನಿಂತಿದ್ದೆ ಅಂತೀಯ. ಯಾರ ಹಲ್ಲು? ಯಾರ ಬ್ರಷ್ಷು? ಆ ಬಾಡಿಗೆಯವರು ಬಂದು ಹೇಳಿದ್ದನ್ನು ನೀನು ಕಂಡಹಾಗೆ ಬರೆದಿದ್ದೀಯ, ಅಲ್ಲವೇ? ಅವರ ಮಕ್ಕಳೋ ಮೊಮ್ಮಕ್ಕಳೋ ತೊಟ್ಟಿಗೆ ಕೈ ಹಾಕಿ ಕಲ್ಲು ಉರುಳಿಸಿದ್ದಾರೆ, ಅದನ್ನು ಮುಚ್ಚಿಡಲು ನನ್ನ ಜೋಡಣೆಯನ್ನೇ ದೂರುತ್ತಿದ್ದೀಯ.

ನಿನಗೆ ನಾನು ಕೊಟ್ಟಿದ್ದು ಬೀಗದ ಕೈ, ಮನೆಯಲ್ಲ. ಇದು ಭಾವನ ಐಡಿಯಾ ಅಂತ ನನಗೆ ಗೊತ್ತು. ಖಾಲಿ ಮನೆ ಯಾಕೆ ಸುಮ್ಮನೆ ಇರಬೇಕು ಅಂದಿರುತ್ತಾರೆ. ನೀನು ತಲೆಯಾಡಿಸಿರುತ್ತೀಯ. ನೀನು ಅವರ ಮುಂದೆ ಯಾವತ್ತು ತಲೆಯಾಡಿಸಿಲ್ಲ ಹೇಳು.

ಮೀನಂಗಡಿಯವನಿಗೆ ಬರೆದಿದ್ದೇನೆ. ಬಂದು ತೊಟ್ಟಿ ಬಿಚ್ಚಿ, ಬದುಕಿದ್ದರೆ ಗೋಬಿಯನ್ನೂ ಸಿಗಡಿಯನ್ನೂ ತನ್ನ ಅಂಗಡಿಗೆ ಒಯ್ಯುತ್ತಾನೆ. ಆ ಜನರನ್ನು ನೀನೇ ಖಾಲಿ ಮಾಡಿಸು.

— 

8 ಸೆಪ್ಟೆಂಬರ್

ತಂಗಿಗೆ,

ಹೌದು. ನಿನ್ನ ಮನೆಯಲ್ಲಿ ಒಬ್ಬರು ಇದ್ದಾರೆ. ನಾನು.

ಜೂನ್ ಕೊನೆಯಿಂದ ಇದ್ದೇನೆ. ನಿನ್ನ ಹಾಸಿಗೆಯಲ್ಲಿ ಮಲಗುತ್ತೇನೆ, ನಿನ್ನ ಲೋಟದಲ್ಲಿ ಚಹಾ ಕುಡಿಯುತ್ತೇನೆ, ನನ್ನ ಹಲ್ಲನ್ನು ನನ್ನ ಬ್ರಷ್ಷಿನಿಂದ ಉಜ್ಜುತ್ತೇನೆ. ಹೇಳದೆ ಬಂದದ್ದು ನಿಜ. ಹೇಳಲು ನಾಚಿಕೆಯಾಯಿತು. ಈಗ ಆ ನಾಚಿಕೆಯನ್ನೂ ನೀನು ಬಿಡಿಸಿದೆ.

ಏನಾಯಿತು ಕೇಳು. ಒಂದು ಸೋಮವಾರ ಎಂದಿನ ಹಾಗೆ ಕ್ಲಿನಿಕ್ಕಿಗೆ ಹೋದೆ. ನನ್ನ ಮೇಜಿನ ಮುಂದೆ ಒಬ್ಬ ಹುಡುಗಿ ಸೆಟ್ಟಿನ ಅಚ್ಚಿಗೆ ಮೇಣ ಕಾಯಿಸುತ್ತ ಕೂತಿದ್ದಳು. ಡಾಕ್ಟರಮ್ಮ ನನ್ನನ್ನು ನೋಡಿ ಖುಷಿಯಾಗಿ, "ಓ, ಹೇಳಿ ಹೋಗೋಕೆ ಬಂದ್ರಾ? ಒಳ್ಳೇದಾಯ್ತು" ಅಂದರು.

"ಏನು ಹೇಳಿ ಹೋಗೋದು?" ಅಂದೆ.

"ನಿಮ್ಮ ಯಜಮಾನ್ರು ಫೋನ್ ಮಾಡಿದ್ರಲ್ಲ. ತಮಗೆ ನಿವೃತ್ತಿ ಆಯ್ತು, ಇನ್ಮೇಲೆ ಅವಳೂ ಬರಲ್ಲ, ಅವಳಿಗೂ ಸಾಕಾಗಿದೆ ಅಂದ್ರು."

ಇಷ್ಟು ವರ್ಷ ನಾನು ಎಷ್ಟು ಜನರ ಬಾಯಿಗೆ ಹಲ್ಲು ಕಟ್ಟಿಕೊಟ್ಟಿದ್ದೇನೆ, ನನ್ನ ಬಾಯಿಯ ಮಾತನ್ನು ಇನ್ನೊಬ್ಬರು ಆಡಿ ಮುಗಿಸಿದ್ದರು. ಮನೆಗೆ ಹೋಗಿ ಕೇಳಿದೆ. ಅವರು ಪೇಪರು ಮಡಿಸಲೂ ಇಲ್ಲ. "ನಿನ್ನ ಒಳ್ಳೇದಕ್ಕೇ ಹೇಳ್ದೆ. ನೀನಾಗಿ ಹೇಳೋಕೆ ನಿನಗೆ ಸಂಕೋಚ ಆಗ್ತಿತ್ತು" ಅಂದರು. ನನಗೆ ಸಂಕೋಚ ಆಗುತ್ತಿತ್ತಂತೆ! ನನಗೆ ಇಲ್ಲದ ಆಸೆಯನ್ನು ನನ್ನ ಪರವಾಗಿ ತಾವೇ ಪಟ್ಟು, ನನಗೆ ಇಲ್ಲದ ಸಂಕೋಚವನ್ನೂ ತಾವೇ ಪಟ್ಟು, ಫೋನ್ ಕೆಳಗಿಟ್ಟಿದ್ದಾರೆ.

ನಾನು ಕೂಗಾಡಲಿಲ್ಲ. ಮೇಣದ ಚಾಕುಗಳನ್ನೂ ಎರಡು ಸೀರೆಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಗೋಬಿಗೆ ಊಟ ಹಾಕುವ ಹೊತ್ತಾಗಿತ್ತು. ಕಾಲು ತಾನಾಗಿ ಇಲ್ಲಿಗೇ ತಂದಿತು. ಮರುದಿನ ಡಾಕ್ಟರಮ್ಮನ ಮುಂದೆ ನಿಂತು, "ನಾನು ಬಿಡ್ತೀನಿ ಅಂತ ನಾನು ಹೇಳಿದ್ನಾ?" ಅಂತ ಕೇಳಿದೆ. ಅವರ ಮುಖ ಕೆಂಪಾಯಿತು. "ಇಲ್ಲ. ನಾನೇ ನಿಮ್ಮನ್ನ ಕೇಳಬೇಕಿತ್ತು" ಅಂದರು. ಈಗ ಆ ಹುಡುಗಿಯೂ ನಾನೂ ಒಂದೇ ಮೇಜಿನಲ್ಲಿ ಕೂರುತ್ತೇವೆ, ಮೊಣಕೈಗೆ ಮೊಣಕೈ ತಾಗುತ್ತದೆ. ಉಳಿದ ಕೆಲಸ ಇಲ್ಲಿಗೆ ತರುತ್ತೇನೆ. ಉಜ್ಜುವ ಸದ್ದು ಅದೇ.

ಇನ್ನು ನಿನ್ನ ಮೀನಂಗಡಿಯವನು. ಶನಿವಾರ ಬಾಗಿಲು ತೆಗೆದರೆ ಬಕೆಟ್ಟು, ಬಲೆ, ಪೈಪು ಹಿಡಿದು ನಿಂತಿದ್ದ.

"ತೊಟ್ಟಿ ಬಿಚ್ಚೋಕೆ ಹೇಳಿದಾರೆ ಅಮ್ಮಾ."

"ಯಾರು ಹೇಳಿದ್ದು?"

"ಯಜಮಾನ್ರು. ಅಂದ್ರೆ, ನಿಮ್ಮ ತಂಗಿ."

"ಒಳಗೆ ಬಾ, ಚಪ್ಪಲಿ ಬಿಡು, ಸದ್ದು ಮಾಡ್ಬೇಡ" ಅಂದೆ. ಕರೆದುಕೊಂಡು ಹೋಗಿ ತೊಟ್ಟಿಯ ಮುಂದೆ ಕೂರಿಸಿದೆ. ಎಡಮೂಲೆಯ ಕಲ್ಲಿನ ಕೆಳಗೆ, ನಾನು ಹಾಕಿದ ಕಾಲುಗಳ ನಡುವೆ, ಹೊಸ ಬಿಲ. ಬಾಗಿಲಲ್ಲಿ ಗೋಬಿ, ಅದೇ ಸಿಡುಕು ಮುಖ. ಹಿಂದೆ ಸಿಗಡಿ ಹೊಸ ಚಿಪ್ಪು ತೊಟ್ಟು ಮರಳು ನೂಕುತ್ತಿತ್ತು. ಅಷ್ಟು ದಿನ ಎರಡೂ ಎಲ್ಲಿದ್ದವೋ, ಏನು ತಿಂದವೋ. ಅವನು ಬರುವ ಮೂರು ದಿನ ಮುಂಚೆ ನನಗೆ ಕಂಡಾಗ ನಾನು ನೆಲದ ಮೇಲೆ ಕೂತು ಅತ್ತೆ. ಅವನು ಸ್ವಲ್ಪ ಹೊತ್ತು ನೋಡಿದ. "ಇದನ್ನ ಈಗ ಎಬ್ಬಿಸಿದ್ರೆ ಪಾಪ ಬರತ್ತೆ ಅಮ್ಮಾ" ಅಂತ ಬಕೆಟ್ಟು ಎತ್ತಿಕೊಂಡು ಹೋದ.

ನೀನು ಬೇರೆ ಯಾರನ್ನಾದರೂ ಕಳಿಸುವುದಿದ್ದರೆ ಕಳಿಸು. ಬಾಗಿಲು ತೆಗೆಯುವವಳು ನಾನೇ.

ನಿನ್ನ ಬಾಡಿಗೆಯವಳು

3 ಅಕ್ಟೋಬರ್

ಅಕ್ಕಾ,

ಏನು ಬರೆಯಲಿ ತೋಚುತ್ತಿಲ್ಲ. ನಿನ್ನ ಕಾಗದವನ್ನು ಕಂಬದ ಮೇಲೆ ಕೂತು ಓದಿದೆ, ಇಳಿಯುವಾಗ ಮೆಟ್ಟಿಲು ಕಾಣಲಿಲ್ಲ. ಬಾಡಿಗೆಯವರು ಅಂದದ್ದಕ್ಕೆ ನನ್ನ ನಾಲಿಗೆ ಸೀದುಹೋಗಲಿ. ಕೆಳಮನೆಯಾಕೆಗೂ ಬರೆದಿದ್ದೇನೆ, ಮೇಲಿರುವುದು ನನ್ನ ಅಕ್ಕ ಅಂತ.

ಭಾವನ ಆ ಫೋನಿನ ವಿಷಯ ಓದಿ ನನಗೆ ಅವರ ಕುತ್ತಿಗೆ ಹಿಸುಕುವಷ್ಟು ಕೋಪ ಬಂತು. ಆದರೆ ಅಕ್ಕಾ, ಕೋಪದಲ್ಲಿ ಎಷ್ಟು ದಿನ ಇರಲಾಗುತ್ತದೆ? ನಿನಗೊಂದು ಮನೆಯಿದೆ. ಅವರು ಕೆಟ್ಟವರಲ್ಲ, ದಡ್ಡರು. ಯಾರಾದರೂ ಬಿಡಿಸಿ ಹೇಳಿದರೆ ತಿಳಿಯುತ್ತದೆ.

ನೀನು ಯೋಚನೆ ಮಾಡಬೇಡ. ಮಾಡಬೇಕಾದ್ದನ್ನು ನಾನು ಮಾಡಿದ್ದೇನೆ. ಚಳಿಗಾಲ ಮುಗಿಯುವಷ್ಟರಲ್ಲಿ ಎಲ್ಲ ಮೊದಲಿನ ಹಾಗೆ ಆಗುತ್ತದೆ.

ಗೋಬಿ ಬದುಕಿದ್ದು ಕೇಳಿ ಕುಣಿದಾಡಿದೆ. ನಮ್ಮ ಅಡುಗೆಯವರಿಗೆ ಹೇಳಿದೆ, ಅವರೂ ಖುಷಿಪಟ್ಟರು.

ನಿನ್ನ ಮರಿ

28 ಅಕ್ಟೋಬರ್

ತಂಗಿಗೆ,

ನೀನು ಮಾಡಬೇಕಾದ್ದನ್ನು ಮಾಡಿದ್ದು ಏನು ಅಂತ ನಿನ್ನ ಕಾಗದದಿಂದ ತಿಳಿಯಲಿಲ್ಲ. ಅದು ತಾನೇ ಬಂದು ಬಾಗಿಲು ಬಡಿಯಿತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈಯಲ್ಲಿ ನಿನ್ನ ಕಾಗದ ಹಿಡಿದುಕೊಂಡು.

"ನಿನ್ನ ತಂಗಿ ಬರ್ದಿದಾಳೆ" ಅಂದರು ನಿಮ್ಮ ಭಾವ. "ನಿನಗೆ ಮನೆಗೆ ಬರೋ ಆಸೆ ಇದೆಯಂತೆ. ಕರೆಯೋರು ಬೇಕಂತೆ. ನಾನೊಂದು ಮಾತು ಸಾರಿ ಅಂದ್ರೆ ಸಾಕಂತೆ. ಅಂದೆ. ನಡಿ."

ನನಗೆ ಆಸೆ ಇದೆ ಅಂತ ನಿನಗೆ ಹೇಳಿದ್ದು ಯಾರು? ನನ್ನ ಯಾವ ಕಾಗದದ ಯಾವ ಸಾಲಿನಲ್ಲಿ ಇತ್ತು?

ಒಳಗೆ ಕರೆದು ಕೂರಿಸಿದೆ. ಮಾತು ಶುರುವಾಗುವ ಮುಂಚೆ ಅವರು ಎದ್ದು, "ಈ ಗೊರಗೊರ ಸದ್ದಲ್ಲಿ ಮನುಷ್ಯರು ಮಾತಾಡೋದು ಹೇಗೆ" ಅಂತ ತೊಟ್ಟಿಯ ಪಂಪಿನ ಸ್ವಿಚ್ಚು ಆರಿಸಿದರು. ಆಮೇಲೆ ಮಾತಾಡಿದರು. ಸಂಬಂಧಿಕರು ಏನಂದುಕೊಳ್ಳುತ್ತಾರೆ, ಗ್ಯಾಸು ಯಾವಾಗ ಮುಗಿಯಿತು, ಡಬ್ಬಿಗಳ ಚೀಟಿ ಹೇಗೆ ಉದುರುತ್ತಿವೆ. ನಾನು ಕೇಳುತ್ತಿದ್ದೆ. ನನಗೆ ಕೇಳಿ ಕೇಳಿ ಅಭ್ಯಾಸ. ಆದರೆ ಕಣ್ಣು ತೊಟ್ಟಿಯ ಕಡೆಗಿತ್ತು. ನೀರಿನ ಮೇಲ್ಮೈ ಅಲುಗಾಟ ನಿಂತು ಕನ್ನಡಿಯಾಯಿತು. ಹವಳಗಳು ಒಂದೊಂದಾಗಿ ಮುದುಡಿಕೊಂಡವು. ಗೋಬಿ ಬಿಲ ಬಿಟ್ಟು ಮೇಲಕ್ಕೆ ಬಂದು, ಗಾಜಿಗೆ ಹೊಟ್ಟೆ ಹಚ್ಚಿಕೊಂಡು ಕಿವಿರು ಅರಳಿಸಿ ಅರಳಿಸಿ ಉಸಿರೆಳೆಯತೊಡಗಿತು. ಕಾವಲು ಬಿಟ್ಟು ಹೊರಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಎದ್ದು ಹೋಗಿ ಸ್ವಿಚ್ಚು ಹಾಕಿದೆ.

"ನಾನು ಮಾತಾಡ್ತಿದ್ದೀನಿ" ಅಂದರು.

"ಮಾತಾಡಿ. ಆದ್ರೆ ಪಂಪು ಆರಿಸೋಕೆ ಮುಂಚೆ ನನ್ನನ್ನ ಕೇಳ್ಬೇಕಿತ್ತು."

"ಒಂದು ಪಂಪಿಗೆ ನಿನ್ನನ್ನ ಕೇಳ್ಬೇಕಾ?"

"ಪಂಪಿಗೂ ಕೇಳ್ಬೇಕು. ಫೋನಿಗೂ ಕೇಳ್ಬೇಕಿತ್ತು."

ಅಷ್ಟು ಹೇಳಿದ ಮೇಲೆ ನನ್ನ ಧ್ವನಿ ನನಗೇ ಗುರುತು ಸಿಗದ ಹಾಗೆ ಏರಿತು. ಮದುವೆಯಾದಾಗಿನಿಂದ ಒಳಗೆ ಕೂಡಿಟ್ಟದ್ದೆಲ್ಲ ಆ ಸ್ವಿಚ್ಚಿನ ನೆಪದಲ್ಲಿ ಹೊರಗೆ ಬಂತು. ಕೆಳಮನೆಯಾಕೆ ಬಂದು ಬಾಗಿಲಲ್ಲಿ ನಿಂತಳು. ಉಜ್ಜುವ ಸದ್ದಿಗೆ ದೂರು ಬರೆದವಳು ಅವತ್ತು ಕೊನೆಯವರೆಗೂ ಕೇಳಿ, ನನಗೊಂದು ಲೋಟ ನೀರು ತಂದುಕೊಟ್ಟು ಹೋದಳು. ಅವರು ನಿನ್ನ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಹೊರಟರು.

ಅದನ್ನು ನಾನು ಓದಿದೆ. ನನಗೆ ಬರೆಯದ ಒಂದು ಸಾಲನ್ನು ಅವರಿಗೆ ಬರೆದಿದ್ದೀಯ: "ಫೆಬ್ರವರಿಯ ಒಳಗೆ ಅಕ್ಕ ಅಲ್ಲಿಂದ ಹೊರಟರೆ ಎಲ್ಲರಿಗೂ ಅನುಕೂಲ." ಯಾವ ಎಲ್ಲರಿಗೆ? ಬೇಸಿಗೆಗೆ ಬರುತ್ತೇನೆ ಅಂದವಳಿಗೆ ಫೆಬ್ರವರಿಯ ಅವಸರ ಯಾಕೆ? ನಿನಗೆ ನಿನ್ನ ಮನೆ ಬೇಕು. ಸೀದಾ ಕೇಳಿದ್ದರೆ ಮರುದಿನವೇ ಖಾಲಿ ಮಾಡುತ್ತಿದ್ದೆ. ಅದರ ಬದಲು ನನ್ನನ್ನು ಸಾಮಾನಿನ ಹಾಗೆ ಕಟ್ಟಿ ಮೊದಲಿದ್ದ ಜಾಗಕ್ಕೆ ವಾಪಸು ಕಳಿಸಲು ನೋಡಿದೆ. ಅವರು ಡಾಕ್ಟರಮ್ಮನಿಗೆ ಫೋನ್ ಮಾಡಿದರು, ನೀನು ಅವರಿಗೆ ಕಾಗದ ಬರೆದೆ. ಏನು ವ್ಯತ್ಯಾಸ ಹೇಳು. ಅವರ ಮೇಲೆ ಬಂದದ್ದಕ್ಕಿಂತ ನಿನ್ನ ಮೇಲೆ ನನಗೆ ಹೆಚ್ಚು ಕೋಪ ಬಂದಿದೆ, ಯಾಕೆಂದರೆ ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಒಂದು ವಿಷಯ ಕೇಳುತ್ತೇನೆ. ಗೋಬಿಯನ್ನೂ ಸಿಗಡಿಯನ್ನೂ ನನಗೆ ಕೊಡುತ್ತೀಯಾ? ಕೊಡುತ್ತೀ ಅಂತ ನಾನೇ ಅಂದುಕೊಂಡು ಎತ್ತಿಕೊಂಡು ಹೋಗಬಹುದಿತ್ತು. ಕೇಳುತ್ತಿದ್ದೇನೆ. ಕೇಳುವುದು ಅಂದರೆ ಹೀಗೆ.

ಅಕ್ಕ

22 ನವೆಂಬರ್

ಅಕ್ಕಾ,

ಬೈದಿದ್ದೀಯ, ಸರಿ. ಈಗ ನನ್ನದೂ ಕೇಳು.

ಹೌದು, ನನಗೆ ನನ್ನ ಮನೆ ಬೇಕು. ಇಲ್ಲಿಯ ಅಡುಗೆಯವರ ಬಗ್ಗೆ ಬರೆದಿದ್ದೆ. ಅವರೂ ನಾನೂ ಮದುವೆಯಾಗುತ್ತೇವೆ. ಜನವರಿಯ ದೋಣಿಗೆ ಇಬ್ಬರೂ ಹೊರಡುತ್ತೇವೆ, ಬೇರೆಯವರು ಬಂದು ಕಂಬ ನೋಡಿಕೊಳ್ಳುತ್ತಾರೆ. ಇದನ್ನು ನಿನಗೆ ಬರೆಯಲು ನಾಲ್ಕು ಸಲ ಕೂತೆ. ನಿನ್ನ ಮದುವೆ ಹಾಗಾಗಿರುವಾಗ ನನ್ನದನ್ನು ಯಾವ ಮುಖದಿಂದ ಹೇಳಲಿ? ಜೊತೆಗೆ, ಗಂಡನೊಂದಿಗೆ ಹೊಸದಾಗಿ ಮನೆಗೆ ಬಂದಾಗ ಅಲ್ಲಿ ನೀನು ಮೇಣ ಕಾಯಿಸುತ್ತ ಕೂತಿರಬಾರದು ಅಂತ ಅನ್ನಿಸಿದ್ದೂ ನಿಜ. ಅನ್ನಿಸಿದ್ದು ತಪ್ಪೇ? ದುಡಿದು ಕೊಂಡ ಮನೆ, ನನಗೆ ಅಲ್ಲಿ ಸ್ವಂತ ಬಾಗಿಲು ಹಾಕಿಕೊಳ್ಳುವ ಹಕ್ಕಿಲ್ಲವೇ?

ತಪ್ಪಿದ್ದು ಅನ್ನಿಸಿದ್ದರಲ್ಲಿ ಅಲ್ಲ, ಅದನ್ನು ಹೇಳದೆ ಭಾವನಿಗೆ ಬರೆದದ್ದರಲ್ಲಿ. ಅದಕ್ಕೆ ನೀನು ಬೈದದ್ದು ಕಡಿಮೆಯಾಯಿತು.

ಗೋಬಿಯ ಬಗ್ಗೆ ಕೇಳಿದ್ದೀಯ. ಇಲ್ಲ ಅಕ್ಕಾ, ಕೊಡುವುದಿಲ್ಲ. ಬೆರಳಿನಷ್ಟಿದ್ದಾಗ ತಂದಿದ್ದು. ಈ ಗಾಳಿಯಲ್ಲಿ ನೇತಾಡುತ್ತ ನಾನು ನೆನೆಸಿಕೊಳ್ಳುವ ಮನೆ ಅಂದರೆ ಆ ತೊಟ್ಟಿ. ನೀನು ಕೇಳಿದೆ, ಅದಕ್ಕೆ ನಿಜ ಹೇಳುತ್ತಿದ್ದೇನೆ.

ಮರಿ

15 ಡಿಸೆಂಬರ್

ಮರಿಗೆ,

ಕೇಳಿದೆ, ನೀನು ಇಲ್ಲ ಅಂದೆ. ಸರಿ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ತಿಂಗಳಲ್ಲಿ ನೀನು ನನಗೆ ನೇರವಾಗಿ ಕೊಟ್ಟ ಮೊದಲ ಉತ್ತರ ಅದು.

ಮದುವೆಯ ವಿಷಯ ಮುಚ್ಚಿಟ್ಟದ್ದಕ್ಕೆ ಕಿವಿ ಹಿಂಡಬೇಕು. ನನ್ನ ಮದುವೆ ಕೆಟ್ಟರೆ ನಿನ್ನದನ್ನು ಕೇಳಿ ಸಂತೋಷಪಡುವ ಶಕ್ತಿಯೂ ನನಗೆ ಹೋಗಿದೆ ಅಂತ ಯಾರು ಹೇಳಿದರು? ಇದನ್ನೂ ನೀನೇ ತೀರ್ಮಾನಿಸಿಬಿಟ್ಟೆ. ನಿನ್ನ ಅಡುಗೆಯವರಿಗೆ ಏನು ಓದಲು ಇಷ್ಟ, ಗೊರಕೆ ಹೊಡೆಯುತ್ತಾರೋ, ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಾರೋ, ಎಲ್ಲ ಬರೆಯಬೇಕಿತ್ತು.

ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿದೆ. ಎರಡನೇ ಮಹಡಿ. ಕಿಟಕಿಗೆ ಬೆಳಿಗ್ಗೆಯ ಬಿಸಿಲು ಬರುತ್ತದೆ. ಬಾಗಿಲ ಮೇಲೆ ನನ್ನ ಹೆಸರು ಬರೆಸಿದ್ದೇನೆ. ಮನೆಯ ಒಡತಿ, "ಯಜಮಾನ್ರು ಯಾವಾಗ ಬರ್ತಾರೆ?" ಅಂತ ಕೇಳಿದಳು. "ಬಂದಿದೀನಲ್ಲ" ಅಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಭಾವ ಕ್ಲಿನಿಕ್ಕಿಗೆ ಬಂದಿದ್ದರು. ಸೀದಾ ಒಳಗೆ ನುಗ್ಗಲು ಹೋದರೆ ಡಾಕ್ಟರಮ್ಮ, "ಅವರು ಕೆಲಸದಲ್ಲಿದಾರೆ, ಕೇಳ್ತೀನಿ ಇರಿ" ಅಂತ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಂದು ಕಡೆ ದವಡೆ ಊದಿದವನು, ಇನ್ನೊಂದು ಕಡೆ ಅಳುವ ಮಗು, ನಡುವೆ ಇವರು ಕೊಡೆ ಹಿಡಿದುಕೊಂಡು. ನಾನು ಹಿಡಿದ ಸೆಟ್ಟು ಮುಗಿಸಿ ಹೊರಗೆ ಬಂದೆ.

"ಡಾಕ್ಟರಿಗೆ ಆವತ್ತು ನಾನು ಫೋನ್ ಮಾಡಬಾರದಿತ್ತು" ಅಂದರು. ಕಣ್ಣು ನೆಲದ ಮೇಲಿತ್ತು.

"ಹೌದು. ಮಾಡಬಾರದಿತ್ತು" ಅಂದೆ.

"ಮನೆಗೆ…" ಅಂತ ಶುರು ಮಾಡಿ ನಿಲ್ಲಿಸಿದರು. ಆಮೇಲೆ, "ಬರ್ತೀಯಾ?" ಅಂದರು. ನಡಿ ಅನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

"ಇಲ್ಲ. ಈಗ ಇಲ್ಲ" ಅಂದೆ. ಮುಂದೆ ಏನು ಅಂತ ನನಗೇ ಗೊತ್ತಿಲ್ಲ, ಅವರಿಗೆ ಏನು ಹೇಳಲಿ? ತಲೆಯಾಡಿಸಿ ಹೋದರು. ಬೀದಿಯ ತಿರುವಿನವರೆಗೂ ನೋಡಿದೆ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಓಡಿ ಹೋಗಿ ಕರೆಯಬೇಕಾಗಿಲ್ಲ ಅಂತಲೂ ಅನ್ನಿಸಿತು.

ನಿನ್ನ ಮನೆ ಗುಡಿಸಿ ಒರೆಸಿದ್ದೇನೆ. ನೀನು ಬರುವವರೆಗೆ ಮೀನಂಗಡಿಯವನು ದಿನಾ ಬಂದು ಹೋಗುತ್ತಾನೆ. ಮುಚ್ಚಳದ ಬಲೆ ಒಂದು ಕಡೆ ಸಡಿಲವಾಗಿತ್ತು, ಬಿಗಿದಿದ್ದೇನೆ. ನಿನ್ನೆ ಹೊರಡುವಾಗ ಗೋಬಿ ಬಿಲದ ಬಾಗಿಲಲ್ಲಿತ್ತು. ಅದಕ್ಕೆ ನಾನು ಹೋಗುವುದು ಬರುವುದು ಎಲ್ಲ ಒಂದೇ, ಬಾಯಿ ತುಂಬ ಮರಳು ಉಗುಳಿತು. ಬಾಗಿಲು ಹಾಕಿದವಳು ಮತ್ತೆ ತೆಗೆದು ಇನ್ನೊಮ್ಮೆ ನೋಡಿ ಬಂದೆ. ಒಂದು ಮೀನಿಗೆ ಹೀಗಾದರೆ ಹೇಗೆ ಅಂತ ನನ್ನನ್ನೇ ಬೈದುಕೊಂಡು ಮೆಟ್ಟಿಲಿಳಿದೆ.

ಸಮುದ್ರ ಒರಟಾಗಿರುತ್ತದೆ, ಹುಷಾರಾಗಿ ಬನ್ನಿ.

ನಿನ್ನ ಅಕ್ಕ

19 ಜನವರಿ

ಅಕ್ಕಾ,

ಬಂದು ಮುಟ್ಟಿದೆವು. ಒಂದೇ ಊರಿನಲ್ಲಿದ್ದೂ ಕಾಗದ ಬರೆಯುತ್ತಿದ್ದಾಳೆ ಅಂತ ನಗಬೇಡ. ಫೋನು ಎತ್ತಿಕೊಂಡಿದ್ದೆ. ಬಾಯಿ ತೆರೆದರೆ ಮತ್ತೆ ನಾನೇ ಎಲ್ಲವನ್ನೂ ತೀರ್ಮಾನಿಸಿ ಹೇಳಿಬಿಡುತ್ತೇನೆ ಅಂತ ಭಯವಾಗಿ ಕೆಳಗಿಟ್ಟೆ.

ಗೋಬಿ ಇದೆ, ದಪ್ಪಗಾಗಿದೆ. ಇವರು ತೊಟ್ಟಿಯ ಮುಂದೆ ಕೂತವರು ಎದ್ದಿಲ್ಲ. ನೀನು ಮಾಡಿದ ಕಾಲುಗಳನ್ನು ಮೊಣಕಾಲೂರಿ ನೋಡಿದೆ. ಒಂದೊಂದನ್ನೂ ಆಯಾ ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಕೂರಿಸಿದ್ದೀಯ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ನೀನು ಅಷ್ಟೆಲ್ಲ ಮಾಡಿದೆ, ನಾನು ಒಂದು ಮೀನು ಕೊಡಲಿಲ್ಲ.

ಗೋಬಿ, ಸಿಗಡಿ ಎರಡನ್ನೂ ನಿನಗೆ ಕೊಡಬೇಕು ಅನ್ನಿಸಿದೆ. ಬೇಕಾ? ಮತ್ತೆ, ಭಾನುವಾರ ನಾವಿಬ್ಬರೂ ನಿನ್ನ ಮನೆಗೆ ಬರಬಹುದಾ?

ಉತ್ತರ ಏನಿದ್ದರೂ ಬರೆ.

ನಿನ್ನ ಮರಿ

22 ಜನವರಿ

ಮರೀ,

ಗೋಬಿ ಬೇಡ. ಅದು ಅಲ್ಲಿ ಬಿಲ ಕಟ್ಟಿ ಕೂತಿದೆ, ನಿನ್ನ ಸಮಾಧಾನಕ್ಕೆ ಅದನ್ನು ಎಬ್ಬಿಸಬೇಡ.

ಕಿಟಕಿಯ ಪಕ್ಕ ನಾನೊಂದು ಪುಟ್ಟ ತೊಟ್ಟಿ ಇಟ್ಟಿದ್ದೇನೆ. ಸದ್ಯಕ್ಕೆ ಬರೀ ಮರಳು, ಉಪ್ಪುನೀರು, ಗಾಜಿನ ಮೇಲೆ ನಿಂತ ಎರಡು ಕಲ್ಲು. ನೀರು ಹದಕ್ಕೆ ಬರಲು ಇನ್ನೂ ವಾರಗಳು ಹಿಡಿಯುತ್ತವಂತೆ. ಕೆಲಸ ಮುಗಿಸಿ ಬಂದು ಅದರ ಮುಂದೆ ಕೂತು ಚಹಾ ಕುಡಿಯುತ್ತೇನೆ. ಏನೂ ಇಲ್ಲದ ನೀರನ್ನು ಏನು ನೋಡುತ್ತೀರಿ ಅಂತ ಒಡತಿ ಕೇಳುತ್ತಾಳೆ. ಯಾವ ಮೀನು ತರಬೇಕು ಅಂತ ಯೋಚಿಸುತ್ತಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ. ಯಾರೂ ಸಲಹೆ ಕೊಡುವುದು ಬೇಡ.

ಭಾನುವಾರ ಆಗುವುದಿಲ್ಲ. ಬುಧವಾರ ಸಂಜೆ ಬನ್ನಿ, ಇಬ್ಬರೂ.

ಅಕ್ಕ